ನೀರು ಬರುವ ದಿನ

ಡಾಕ್ಟರು ಮೂರು ಸಾಲು ಗೀಚಿ
ಬುಧವಾರ ಬಾ ಎಂದರು.
ಆ ಮೂರು ಸಾಲಿನಲ್ಲಿ ನನ್ನ ಕರುಳಿತ್ತು,
ಒಂದು ಪುಡಿಯ ಹೆಸರಿತ್ತು, ಇನ್ನೊಂದೇನಿತ್ತೋ
ಔಷಧಿ ಅಂಗಡಿ ಹುಡುಗನಿಗೂ ಬಗೆಹರಿಯಲಿಲ್ಲ.

ಹನ್ನೊಂದನೇ ಕೋಣೆ. ಕುಂಟುವ ಸ್ಟೂಲು.
ಸಿಸ್ಟರ್ ಸುವಾರ್ತಮ್ಮ ಚೀಟಿ ಬೋರಲು ಹಾಕಿ
ಬೇರೆಯದೇ ಕೇಳಿದರು:
"ಹುಸೇನಪ್ಪ, ಮನ್ಯಾಗ ಪಾಯಖಾನಿ ಐತೇನ್ರಿ?"

ತೀನ್ ಕಂದೀಲಿನ ಹತ್ತಿರ
ಒಂದೂವರೆ ಮೊಳದ ಗಾಜಿನ ಪೆಟ್ಟಿಗೆ ನನ್ನ ಅಂಗಡಿ.
ನಲವತ್ತು ವರ್ಷ ರಾಯಚೂರಿನ ಗಡಿಯಾರಗಳ
ಹೊಟ್ಟೆ ಬಿಚ್ಚಿ ನೋಡಿದವನು ನಾನು,
ನನ್ನ ಹೊಟ್ಟೆಯ ಮಾತಿಗೆ ನೆಲ ನೋಡಿದೆ.
ಫಿನಾಯಿಲು ಇನ್ನೂ ಆರಿರಲಿಲ್ಲ.

"ಐತ್ರಿ. ನಾಕು ಮನಿಗೆ ಕೂಡಿ ಒಂದು."
"ಚಿಲಕ?"
"ದಾರ ಕಟ್ಟೀವಿ."
"ನೀರು?"
"ಗುರುವಾರ ಬರ್ತಾವು. ಆಮ್ಯಾಲೆ ಸೋಮವಾರ."

ಬುಧವಾರ ಹೊಡೆದು ಹಾಕಿ ಶುಕ್ರವಾರ ಬರೆದರು.
ಒಳಗೆ ಹೋಗಿ ಡಾಕ್ಟರಿಗೆ ಏನು ಹೇಳಿದರೋ,
ಬರುವಾಗ ಮುಖದಲ್ಲಿ ಜಗಳದ ಕೊನೆಯ ಚೂರು ಉಳಿದಿತ್ತು.

ಮಂಗಳವಾರದಿಂದ ರೊಟ್ಟಿ ಬ್ಯಾಡ ಎಂದರು.
ಪುಂಡಿಪಲ್ಲೆ ಬ್ಯಾಡ, ಶೇಂಗಾ ಬ್ಯಾಡ, ಗುರೆಳ್ಳು ಹಿಂಡಿ ಬ್ಯಾಡ.
ಮತ್ತೆ ಉಳಿದದ್ದೇನು ತಾಯಿ, ಎಂದೆ.
ಬಿಳಿ ಅನ್ನ. ಗುರುವಾರ ಅದೂ ಇಲ್ಲ,
ಎಳನೀರು, ಬ್ಯಾಳಿ ಕಟ್ಟು, ಹಾಲಿಲ್ಲದ ಚಹಾ.
"ಒಂದು ಗುರೆಳ್ಳು ಸಾಕ್ರಿ,
ಕ್ಯಾಮರಾದ ಕಣ್ಣಿಗೆ ಅಡ್ಡ ನಿಂತು ಸುಳ್ಳು ಹೇಳ್ತದ."

ಅದು ಮಾತ್ರ ಥಟ್ಟನೆ ಹೊಳೆಯಿತು.
ಮುಚ್ಚಳ ತೆಗೆದವನು ಮೊದಲು ಧೂಳು ಊದುತ್ತಾನೆ,
ಭೂತಗನ್ನಡಿ ಆಮೇಲೆ.

ಚೀಟಿಯ ಬೆನ್ನಿಗೆ ಎಂಟು ಲೋಟ ಬಿಡಿಸಿದರು,
ಸಂಜೆಗೆ ನಾಲ್ಕು, ಕೋಳಿ ಕೂಗುವ ಹೊತ್ತಿಗೆ ನಾಲ್ಕು.
ಪ್ರತಿ ಲೋಟದ ಪಕ್ಕ ಒಂದು ಪುಟ್ಟ ಗಡಿಯಾರ,
ಕಾಲು ಕಾಲು ತಾಸಿಗೆ ಮುಳ್ಳು ಸರಿಸಿ.
ಮುಳ್ಳುಗಳೆರಡೂ ಒಂದೇ ಉದ್ದ. ನಾನು ಸುಮ್ಮನಿದ್ದೆ.

ಸಕ್ಕರೆ ಗುಳಿಗೆ ಆ ಮುಂಜಾನೆ ನುಂಗಬ್ಯಾಡ್ರಿ ಎಂದು ಬರೆಯುತ್ತ
ತಲೆ ಎತ್ತದೆ ಕೇಳಿದರು,
"ಮನಿತನದಾಗ ಯಾರಿಗರೆ ಇತ್ತೇನು?"
ಅಣ್ಣ, ಎಂದೆ.
"ಎಷ್ಟು ವಯಸ್ಸಿತ್ರಿ?"
ಐವತ್ನಾಲ್ಕು.
ಪೆನ್ನು ನಿಂತಿತು. ಹೊರಗೆ ಯಾರದೋ ನಂಬರು ಕೂಗಿದರು.
ಅವರು ನನ್ನನ್ನು ಏಳಿಸಲಿಲ್ಲ.

"ಓಣ್ಯಾಗ ಬಾಯಿ ಬಿಟ್ಟು ಹೇಳ್ರಿ, ನಾಚಬ್ಯಾಡ್ರಿ."
ಹೇಳಿದ್ದು ನಾನಲ್ಲ, ಹೆಂಡತಿ ತಿಪ್ಪವ್ವ.
ಗುರುವಾರ ರಾತ್ರಿ ಮೂರು ಮನೆಯವರು
ಚೊಂಬು ಹಿಡಿದು ಎಲ್ಲಿಗೆ ಹೋದರೋ ಇವತ್ತಿಗೂ ಗೊತ್ತಿಲ್ಲ.
ಬಾಗಿಲ ಮುಂದೆ ಐದು ಕೊಡ ತುಂಬಿ ನಿಂತಿದ್ದವು,
ಒಂದು ನಮ್ಮದು.
ದಾರದ ಜಾಗದಲ್ಲಿ ಹೊಸ ಚಿಲಕ.

ಮೂರನೇ ಲೋಟ ಬಂದ ದಾರಿಗೇ ವಾಪಸು.
ಫೋನು ಹಚ್ಚಿದೆ. ಆ ಕಡೆ ಕುಕ್ಕರಿನ ಸೀಟಿ,
ಮಗುವೊಂದು ಹದಿಮೂರರ ಮಗ್ಗಿಯಲ್ಲಿ ಎಡವುತ್ತಿತ್ತು.
"ಅರ್ಧ ತಾಸು ನಿಲ್ಲಿಸ್ರಿ. ನಿಂಬಿಹೋಳು ನೆಕ್ರಿ.
ಆಮ್ಯಾಲೆ ತಣ್ಣಗ ಮಾಡಿ, ಸಣ್ಣ ಸಣ್ಣ ಗುಟುಕು.
ಮಡಿಕಿಟ್ಟ ವ್ಯಾಸಲಿನ್ ಹಚ್ಚಿಕೊಂಡ್ರೇನು?
ಹದಿಮೂರಾರಲೆ ಎಪ್ಪತ್ತೆಂಟು! ಇದು ನಿಮಗಲ್ರಿ."

ಇರುಳೆಲ್ಲ ಬಾಗಿಲು ಬಡಿಯಿತು, ಹಾಕಿತು.
ನಸುಕಿಗೆ ನನ್ನೊಳಗೆ ಏನೂ ಇರಲಿಲ್ಲ,
ಹೆದರಿಕೆಯೂ ಅರ್ಧ ಹರಿದು ಹೋಗಿತ್ತು.

ಶುಕ್ರವಾರ. ಜೋಡಿಗೆ ಪುಸ್ತಕದಂಗಡಿ ಖಾಜಾ.
"ಹೆಂಗ ಹೋಯ್ತು ಕಡೀದು?"
ಈ ಸಲ ನೆಲ ನೋಡಲಿಲ್ಲ. "ನಿಂಬಿ ಶರಬತ್ತಿನಂಗ, ತಿಳಿ."
ಸುವಾರ್ತಮ್ಮ ನಕ್ಕರು,
ನಾನು ಪರೀಕ್ಷೆ ಬರೆದು ಬಂದವನಂತೆ.

ಎಡಮಗ್ಗುಲಾಗಿ ಮಲಗಿಸಿ ಮೊಣಕಾಲು ಮಡಿಸಿ
ಹಿಂದೆ ತೆರೆದ ಗೌನಿನ ಮೇಲೆ ಹೊದಿಕೆ ಎಳೆದರು.
ನನ್ನ ವಾಚು ಬಿಚ್ಚಿ ಜೇಬಿಗಿಟ್ಟುಕೊಳ್ಳುವಾಗ
ಅವರ ಮಣಿಕಟ್ಟು ಕಣ್ಣ ಹತ್ತಿರವೇ ಬಂತು.
ಔಷಧಿ ನರಕ್ಕೆ ತಣ್ಣಗೆ ಇಳಿಯುತ್ತಿತ್ತು.
"ಸಿಸ್ಟರ್, ನಿಮ್ಮ ಗಡಿಯಾರ
ನಾಕು ನಿಮಿಷ ಹಿಂದೈತಿ.
ಎದ್ದ ಮ್ಯಾಲೆ ಕೊಡ್ರಿ, ನೋಡ್ತೀನಿ."